ಕಣ್ಕಟ್ಟಿನ ಮನೆಯಲ್ಲಿ ಕಣ್ಣಿಗೇ ಕೆಲಸವಿಲ್ಲ

ಇಲ್ಯೂಷನ್ ಮ್ಯೂಸಿಯಂಗೆ ಹೋದವರು ಗೋಡೆ ನೋಡುವ ಮೊದಲು ಒಮ್ಮೆ ನೆಲ ನೋಡಬೇಕು. ನೆಲದ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಗುರುತು ಅಂಟಿಸಿರುತ್ತಾರೆ. ಒಂದು ಜೋಡಿ ಪಾದಗಳದ್ದು: ಫೋಟೊದಲ್ಲಿ ಬರುವವರು ಇಲ್ಲಿ ನಿಲ್ಲಬೇಕು. ಇನ್ನೊಂದು ಪುಟ್ಟ ಕ್ಯಾಮೆರಾದ್ದು: ಫೋಟೊ ತೆಗೆಯುವವರು ಇಲ್ಲಿ ನಿಲ್ಲಬೇಕು. ಪಕ್ಕದಲ್ಲೇ ಒಂದು ಮಾದರಿ ಫೋಟೊ ಇರುತ್ತದೆ, ತೆಗೆದದ್ದು ಹೀಗೆ ಬಂದರೆ ಸರಿ ಎಂದು ತಿಳಿಸಲು. ಸುಮ್ಮನೆ ನೋಡಲು ಬಂದವರು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಮಾತ್ರ ಗುರುತಿಲ್ಲ. ಅಂಥವರೂ ಬರಬಹುದು ಎಂದು ಆ ನೆಲವನ್ನು ವಿನ್ಯಾಸ ಮಾಡಿದವರಿಗೆ ಹೊಳೆದಂತಿಲ್ಲ.

ಈ ಉದ್ಯಮಕ್ಕೆ ವಯಸ್ಸು ಹೆಚ್ಚಿಲ್ಲ. ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ 2015ರಲ್ಲಿ ಶುರುವಾದ ‘ಮ್ಯೂಸಿಯಂ ಆಫ್ ಇಲ್ಯೂಷನ್ಸ್’ ಇವತ್ತು ಹಲವು ದೇಶಗಳಲ್ಲಿ ಶಾಖೆಗಳಿರುವ ಸರಣಿ. ದೆಹಲಿಯ ಕನಾಟ್ ಪ್ಲೇಸ್‌ನಲ್ಲೂ ಒಂದಿದೆ. ಚೆನ್ನೈಯ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಕಲಾವಿದ ಎ.ಪಿ. ಶ್ರೀಧರ್ 2016ರಲ್ಲಿ ತೆರೆದದ್ದು ಇನ್ನೊಂದು ಜಾತಿಯದು. ಅಲ್ಲಿರುವುದು ಚಪ್ಪಟೆ ಗೋಡೆಯ ಮೇಲೆ ಆಳವೂ ಉಬ್ಬೂ ಕಾಣುವ ಹಾಗೆ ಬರೆದ ಚಿತ್ರಗಳು. ಅದರ ಹೆಸರು ‘ಕ್ಲಿಕ್ ಆರ್ಟ್ ಮ್ಯೂಸಿಯಂ’. ಒಳಗೆ ಹೋಗಿ ಏನು ಮಾಡಬೇಕೆಂದು ಬಾಗಿಲಲ್ಲೇ ಹೇಳಿಬಿಡುವ ಪ್ರಾಮಾಣಿಕತೆ ಆ ಹೆಸರಿಗಿದೆ. ಇವುಗಳ ಹಿಂದೆಯೇ ಇಂಥವು ಊರೂರಲ್ಲಿ ಬಂದಿವೆ: ಮಾಲ್‌ಗಳ ಮೂರನೇ ಮಹಡಿಯಲ್ಲಿ, ಗಿರಿಧಾಮದ ಪೇಟೆ ಬೀದಿಗಳಲ್ಲಿ, ಬೀಚಿನ ಎದುರು. ಇಲ್ಲಿ ಜಗಳ ಇರುವುದು ಯಾವುದೋ ಒಂದು ಶಾಖೆಯ ಜೊತೆಗಲ್ಲ. ‘ಇಲ್ಯೂಷನ್’ ಎಂಬ ಮಾತನ್ನೂ ‘ಮ್ಯೂಸಿಯಂ’ ಎಂಬ ಮಾತನ್ನೂ ಬೋರ್ಡಿಗೆ ಹಾಕಿಕೊಂಡು ಎರಡರ ಕೆಲಸವನ್ನೂ ಮಾಡದೆ ಬಿಡುವ ಒಂದು ರೂಢಿಯ ಜೊತೆ.

ರಜೆಯಲ್ಲಿ ಊರು ಸುತ್ತಲು ಹೊರಟ ಕುಟುಂಬ ಇಲ್ಲಿಗೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ. ಬೆಳಿಗ್ಗೆ ಕೋಟೆಯೋ ಗೋಪುರವೋ ಆಗಿರುತ್ತದೆ, ಬಿಸಿಲು ಏರಿರುತ್ತದೆ, ಮಕ್ಕಳು ಹಠ ಹಿಡಿದಿರುತ್ತಾರೆ, ಅಜ್ಜಿಯ ಕಾಲು ನೋಯುತ್ತಿರುತ್ತದೆ. ಒಳಗೆ ಎಸಿ ಇದೆ, ಟಾಯ್ಲೆಟ್ ಚೆನ್ನಾಗಿದೆ, ಮಕ್ಕಳು ಏನು ಮುಟ್ಟಿದರೂ ಯಾರೂ ಗದರುವುದಿಲ್ಲ. ಮನೆಮಂದಿಗೆಲ್ಲ ಟಿಕೆಟ್ ತೆಗೆಯುವಾಗ ಅಪ್ಪ ಒಂದು ಕ್ಷಣ ಕಾರ್ಡು ಹಿಡಿದು ನಿಂತರೂ ಕೊನೆಗೆ ತೆಗೆಯುತ್ತಾನೆ. ಆಮೇಲೆ ಎಲ್ಲರೂ ಸಾಲಿನಲ್ಲಿ ಸಾಗುತ್ತಾರೆ. ಪಾದದ ಗುರುತಿನ ಮೇಲೆ ಮಗಳು, ಕ್ಯಾಮೆರಾ ಗುರುತಿನ ಮೇಲೆ ಅಪ್ಪ. “ಬಂತಾ?” “ಬಂತು, ಮುಂದಿನದಕ್ಕೆ ನಡಿ.” ಹಿಂದೆ ಇನ್ನೊಂದು ಕುಟುಂಬ ಕಾಯುತ್ತಿದೆ. ಸಿಬ್ಬಂದಿಯ ಹುಡುಗ ಒಳ್ಳೆಯವನು, “ಕೊಡಿ ಸರ್, ನಾನೇ ತೆಗೀತೀನಿ” ಎಂದು ಫೋನು ಇಸಿದುಕೊಳ್ಳುತ್ತಾನೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಹೊರಗೆ ಐಸ್‌ಕ್ರೀಮ್ ತಿನ್ನುವಾಗ, ಯಾವುದು ಚೆನ್ನಾಗಿತ್ತು ಎಂದು ಮಗುವನ್ನು ಕೇಳಿದರೆ ಅದು ಫೋನು ಕೇಳುತ್ತದೆ. ಯಾವುದು ಚೆನ್ನಾಗಿತ್ತು ಎಂಬುದು ಫೋನಿನಲ್ಲಿದೆ.

ಏನು ಕೈತಪ್ಪಿತು ಎಂದು ತಿಳಿಯಲು ಏಮ್ಸ್ ಕೋಣೆಯೊಂದು ಸಾಕು. ಇಂಥ ಬಹುತೇಕ ಜಾಗಗಳಲ್ಲಿ ಅದು ಇದ್ದೇ ಇರುತ್ತದೆ: ಒಂದು ಮೂಲೆಯಲ್ಲಿ ನಿಂತ ಅಮ್ಮ ಸೂರು ಮುಟ್ಟುವ ರಾಕ್ಷಸಿ, ಇನ್ನೊಂದು ಮೂಲೆಯಲ್ಲಿ ನಿಂತ ಅಪ್ಪ ಅವಳ ಸೊಂಟಕ್ಕೆ ಬರುವ ಕುಳ್ಳ. ಇದನ್ನು ಮಾಡಿದ ಅಡೆಲ್ಬರ್ಟ್ ಏಮ್ಸ್ ಕಾನೂನು ಓದಿ, ಅದು ಬಿಟ್ಟು ಚಿತ್ರ ಬರೆಯಲು ಹೋಗಿ, ಅಲ್ಲಿಂದ ಕಣ್ಣಿನ ಅಧ್ಯಯನಕ್ಕೆ ಹೊರಳಿದ ಅಮೆರಿಕದವನು. 1940ರ ದಶಕದಲ್ಲಿ ಆತ ಕಟ್ಟಿಸಿದ ಕೋಣೆಯಲ್ಲಿ ನೆಟ್ಟಗಿರುವುದು ಯಾವುದೂ ಇಲ್ಲ. ಹಿಂದಿನ ಗೋಡೆ ಓರೆಯಾಗಿ ಓಡುತ್ತದೆ, ಒಂದು ಮೂಲೆ ಇನ್ನೊಂದಕ್ಕಿಂತ ಬಹಳ ದೂರ, ನೆಲ ಇಳಿಜಾರು, ಸೂರು ಓರೆ, ಕಿಟಕಿಗಳೂ ಸೊಟ್ಟ. ಆದರೆ ಆ ಸೊಟ್ಟವೆಲ್ಲ ಲೆಕ್ಕ ಹಾಕಿ ಮಾಡಿದ್ದು. ಎದುರಿನ ಹಲಗೆಯಲ್ಲಿರುವ ಒಂದು ಸಣ್ಣ ಕಿಂಡಿಗೆ ಒಂದು ಕಣ್ಣು ಇಟ್ಟು ನೋಡಿದರೆ, ಸಾಮಾನ್ಯ ಚೌಕ ಕೋಣೆಯಿಂದ ಬರುವ ಬೆಳಕಿನ ಚಿತ್ರವೇ ಕಣ್ಣಿಗೆ ಬರುತ್ತದೆ. ಕಣ್ಣು ಇಲ್ಲಿ ತಪ್ಪು ಮಾಡಿಲ್ಲ. ಆ ಚಿತ್ರಕ್ಕೆ ಎರಡು ಅರ್ಥ ಸಾಧ್ಯ: ಕೋಣೆ ಚೌಕ, ಮನುಷ್ಯ ಕುಳ್ಳ, ಇಲ್ಲವೇ ಮನುಷ್ಯ ಸರಿ, ಕೋಣೆ ಸೊಟ್ಟ. ಹುಟ್ಟಿದಾಗಿನಿಂದ ಚೌಕ ಕೋಣೆಗಳನ್ನೇ ಕಂಡ ಮಿದುಳು ಮೊದಲನೆಯದನ್ನು ಆರಿಸುತ್ತದೆ. ಎದುರಿಗಿರುವುದು ಹೆತ್ತ ತಾಯಿಯಾದರೂ ಅವಳ ಎತ್ತರವನ್ನು ಬಿಟ್ಟುಕೊಡುತ್ತದೆ, ಗೋಡೆಯನ್ನು ಬಿಟ್ಟುಕೊಡುವುದಿಲ್ಲ. ಆ ತಾಯಿ ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆದರೆ, ನೋಡುತ್ತಿದ್ದಂತೆಯೇ ಬೆಳೆಯುತ್ತಾಳೆ. ಹೀಗೆ ಯಾರೂ ಬೆಳೆಯುವುದಿಲ್ಲ ಎಂದು ಗೊತ್ತಿದ್ದೂ ಬೆಳೆಯುವುದು ಕಾಣುತ್ತದೆ.

ಕಿಂಡಿ ಯಾಕೆ ಬೇಕು? ಎರಡು ಕಣ್ಣೂ ತೆರೆದು ಹತ್ತಿರದಿಂದ ನೋಡಿದರೆ ಎರಡರ ಚಿತ್ರಕ್ಕೂ ಇರುವ ಸಣ್ಣ ವ್ಯತ್ಯಾಸವೇ ದೂರವನ್ನು ಹೇಳಿಬಿಡುತ್ತದೆ. ತಲೆ ಅತ್ತಿತ್ತ ಆಡಿಸಿದರೂ ಗುಟ್ಟು ಬಯಲು. ಹಾಗಾಗಿ ಆ ಕಿಂಡಿ ಪ್ರಯೋಗದ ಅರ್ಧ ಭಾಗ. ಇವತ್ತಿನ ಮ್ಯೂಸಿಯಮ್ಮುಗಳಲ್ಲಿ ಎದುರಿನ ಹಲಗೆಯನ್ನು ತೆಗೆದು ಕೋಣೆಯನ್ನು ನಾಟಕದ ರಂಗದಂತೆ ಬಯಲು ಬಿಟ್ಟಿರುವುದೇ ಹೆಚ್ಚು. ಕಿಂಡಿಯ ಕೆಲಸವನ್ನು ಫೋನಿಗೆ ವಹಿಸಿದ್ದಾರೆ, ಅದಕ್ಕಿರುವುದೂ ಒಂದೇ ಕಣ್ಣು ತಾನೇ. ಪರಿಣಾಮ ಇಷ್ಟು: ಒಳಗೆ ನಿಂತವರಿಗೆ ಕಾಣುವುದು ಒಂದು ಸೊಟ್ಟ ಕೋಣೆ. ಹೊರಗೆ ನಿಂತವರಿಗೆ ಕಾಣುವುದು ಒಂದು ಪರದೆ. ಪರದೆಯ ಮೇಲೆ ಅಮ್ಮ ದೊಡ್ಡವಳಾಗಿ ಕಂಡರೆ ಯಾವ ಮಗು ಬೆರಗಾಗುತ್ತದೆ? ಅದೇ ಫೋನಿನಲ್ಲಿ ಅಮ್ಮನಿಗೆ ನಾಯಿಯ ಕಿವಿ ಬರುತ್ತದೆ, ಅಪ್ಪನ ಮುಖ ಮಗುವಿನದಾಗುತ್ತದೆ. ಬೆರಗು ಇದ್ದದ್ದು ಬರಿಗಣ್ಣಿನಲ್ಲಿ, ಅದೂ ಆಕೆ ನಡೆಯುವಾಗ. ಫೋಟೊಕ್ಕಾಗಿ ಆಕೆ ನಿಂತುಬಿಟ್ಟಿದ್ದಾಳೆ, ಪಾದದ ಗುರುತಿನ ಮೇಲೆ.

ತಟ್ಟೆಯ ಮೇಲಿನ ತಲೆಯ ಕಥೆಯೂ ಇದೇ. ಮೇಜಿನ ಕಾಲುಗಳ ನಡುವೆ ಕನ್ನಡಿ ನಿಲ್ಲಿಸಿ, ಅದರ ಹಿಂದೆ ಮೈ ಮರೆಮಾಡಿ, ಮೇಲೆ ತಲೆ ಮಾತ್ರ ಕಾಣಿಸುವ ಈ ಆಟವನ್ನು ಸ್ಟೊಡೇರ್ ಎಂಬ ಜಾದೂಗಾರ 1865ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ‘ಸ್ಫಿಂಕ್ಸ್’ ಎಂಬ ಹೆಸರಿನಲ್ಲಿ ಮಾಡಿ ತೋರಿಸಿದ. ಪೆಟ್ಟಿಗೆ ತೆರೆದರೆ ಒಳಗೊಂದು ತಲೆ, ಅದು ಕಣ್ಣು ಬಿಟ್ಟು ಮಾತಾಡುತ್ತದೆ, ಮೇಜಿನ ಕೆಳಗೆ ಖಾಲಿ. ಆ ಕನ್ನಡಿಯ ಸಂತತಿಯೇ ಜಾತ್ರೆಯ ಡೇರೆಗಳಲ್ಲಿ ಹಾವಿನ ಮೈಯ ಹುಡುಗಿಯಾಗಿ ಕುಳಿತದ್ದು. ಡೇರೆಯವನು ನೋಡುಗರನ್ನು ಹಗ್ಗದ ಈಚೆಗೆ ನಿಲ್ಲಿಸುತ್ತಿದ್ದ, ಕೋನ ತಪ್ಪದಿರಲಿ ಎಂದು. ಹೊರಗೆ ಬಂದ ಮಕ್ಕಳು ದಾರಿಯುದ್ದಕ್ಕೂ ವಾದ ಮಾಡುತ್ತಿದ್ದರು: ಅವಳ ಕಾಲು ಎಲ್ಲಿ ಹೋಯಿತು? ಮ್ಯೂಸಿಯಮ್ಮಿನಲ್ಲಿ ಮಗುವನ್ನೇ ಮೇಜಿನ ಕೆಳಗೆ ತೂರಿಸಿ ತಲೆ ಹೊರಗೆ ಹಾಕಿಸುತ್ತಾರೆ. ಗುಟ್ಟನ್ನು ಮೊದಲು ಕೊಟ್ಟು ಬೆರಗನ್ನು ಆಮೇಲೆ, ಬೇರೆ ಯಾರಿಗೋ, ವಾಟ್ಸಾಪಿನಲ್ಲಿ ಕಳಿಸುವ ಏರ್ಪಾಟು. ಜಾತ್ರೆಯವನು ತಾನು ಮ್ಯೂಸಿಯಂ ನಡೆಸುತ್ತಿದ್ದೇನೆ ಎಂದು ಯಾವತ್ತೂ ಹೇಳಿಕೊಳ್ಳಲಿಲ್ಲ.

ಒಂದು ಕೋಣೆ ಮಾತ್ರ ಈ ಏರ್ಪಾಟಿಗೆ ಬಗ್ಗುವುದಿಲ್ಲ. ಸುತ್ತ ತಿರುಗುವ ಬಣ್ಣದ ಕೊಳವೆ, ನಡುವೆ ಅಲುಗಾಡದ ಸೇತುವೆ. ಅದರ ಮೇಲೆ ಕಾಲಿಟ್ಟವರೆಲ್ಲ ಕಂಬಿ ಹಿಡಿಯುತ್ತಾರೆ. ಸೇತುವೆ ಗಟ್ಟಿಯಾಗಿದೆ ಎಂದು ಕಾಲು ಹೇಳುತ್ತದೆ, ಲೋಕ ಉರುಳುತ್ತಿದೆ ಎಂದು ಕಣ್ಣು ಹೇಳುತ್ತದೆ, ಮೈ ಕಣ್ಣಿನ ಮಾತು ಕೇಳಿ ವಾಲುತ್ತದೆ. ಅಲ್ಲೇ ನಿಂತು ಕಣ್ಣು ಮುಚ್ಚಿದರೆ ಉರುಳುವುದು ತಟ್ಟನೆ ನಿಲ್ಲುತ್ತದೆ, ತೆರೆದರೆ ಮತ್ತೆ ಶುರು. ಇಡೀ ಕಟ್ಟಡದಲ್ಲಿ ಅತ್ಯಂತ ಆಳವಾದ ಪಾಠ ಇದು: ನೆಟ್ಟಗೆ ನಿಲ್ಲುವುದು ಕಾಲಿನ ಕೆಲಸ ಎಂದುಕೊಂಡವರಿಗೆ, ಅದರಲ್ಲಿ ಕಣ್ಣಿನ ಪಾಲು ಎಷ್ಟಿದೆ ಎಂದು ಮೈಯೇ ತೋರಿಸಿಕೊಡುತ್ತದೆ. ಇದರ ಫೋಟೊ ತೆಗೆಯಲು ಬರುವುದಿಲ್ಲ. ತೆಗೆದರೆ ಬಣ್ಣದ ದೀಪದ ಮುಂದೆ ಕಂಬಿ ಹಿಡಿದು ನಿಂತ ನಾಲ್ಕು ಜನ ಬರುತ್ತಾರೆ, ಅಷ್ಟೇ. ಆದ್ದರಿಂದ ಕುಟುಂಬಗಳು ಇದನ್ನು ಅರ್ಧ ನಿಮಿಷದಲ್ಲಿ ದಾಟಿಬಿಡುತ್ತವೆ. ನಡುವೆ ನಿಲ್ಲಿ, ಒಮ್ಮೆ ಕಣ್ಣು ಮುಚ್ಚಿ ನೋಡಿ ಎಂದು ಹೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಇಲ್ಲಿ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಮಾತು ಸಡಿಲವಾದಲ್ಲೇ ಈ ಮಾಲು ಸಲೀಸಾಗಿ ಮಾರಾಟವಾಗುವುದು. ಲ್ಯಾಟಿನ್ನಿನ ‘ಇಲ್ಯೂಷನ್’ ಬೇರಿನಲ್ಲಿ ಆಟವಿದೆ, ಅಣಕವಿದೆ. ಸಂಸ್ಕೃತದ ‘ಭ್ರಮೆ’ಯ ಬೇರಿನಲ್ಲಿ ತಿರುಗುವುದಿದೆ, ತಿರುಗುವ ಕೊಳವೆಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಕನ್ನಡದಲ್ಲಿ ‘ಕಣ್ಕಟ್ಟು’ ಎಂಬುದಿದೆ, ಕಟ್ಟುವವನೊಬ್ಬ ಎದುರಿಗಿದ್ದಾನೆ ಎಂದು ತಿಳಿಸುವ ಮಾತು. ‘ಬಿಸಿಲ್ಗುದುರೆ’ ಎಂಬುದೂ ಇದೆ, ಅಲ್ಲಿ ಕಟ್ಟುವವನು ಯಾರೂ ಇಲ್ಲ. ತಟ್ಟೆಯ ತಲೆ ಕಣ್ಕಟ್ಟು: ಕನ್ನಡಿ ತೋರಿಸಿದರೆ ಆಟ ಮುಗಿಯಿತು. ಬಿಸಿಲ್ಗುದುರೆ ಹಾಗಲ್ಲ: ಅದು ಕಾದ ಗಾಳಿಯಲ್ಲಿ ಬಾಗಿದ ಬೆಳಕು ಎಂದು ಕಲಿತವನಿಗೂ ಡಾಂಬರು ರಸ್ತೆಯ ಮೇಲೆ ನೀರು ಕಾಣುತ್ತಲೇ ಇರುತ್ತದೆ. ತಿಳಿದೊಡನೆ ಮಾಯವಾಗುವುದು, ತಿಳಿದರೂ ಹೋಗದೆ ಉಳಿಯುವುದು, ಈ ಎರಡನ್ನೂ ಅದ್ವೈತದವರು ಬೇರೆ ಬೇರೆಯಾಗಿ ಹೆಸರಿಸಿದ್ದರು. ಹಗ್ಗವೆಂದು ಗೊತ್ತಾದ ಮೇಲೆ ಹಾವು ಕಾಣುವುದಿಲ್ಲ, ಅದು ನಿರುಪಾಧಿಕ. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಬಿಳಿಯೆಂದು ಗೊತ್ತಿದ್ದರೂ ಕೆಂಪಾಗಿಯೇ ಕಾಣುತ್ತದೆ, ಅದು ಸೋಪಾಧಿಕ. ನೈಯಾಯಿಕರು, ಮೀಮಾಂಸಕರು, ಮಾಧ್ವರು ಎಲ್ಲರೂ ಹಗ್ಗ-ಹಾವು, ಚಿಪ್ಪು-ಬೆಳ್ಳಿಗಳನ್ನು ಹಿಡಿದುಕೊಂಡೇ ಶತಮಾನಗಟ್ಟಲೆ ಜಗಳವಾಡಿದ್ದಾರೆ. ತಪ್ಪು ಕಾಣುವುದು ಎಂದರೇನು ಎಂಬ ಪ್ರಶ್ನೆಯನ್ನು ಅಷ್ಟು ಗಂಭೀರವಾಗಿ ಹಿಡಿದ ನೆಲದಲ್ಲಿ, ‘ನಿಮ್ಮ ಕಣ್ಣು ಸುಳ್ಳು ಹೇಳುತ್ತದೆ’ ಎಂಬ ಧಾಟಿಯ ಒಂದು ಸಾಲಿನ ಫಲಕ ನೇತುಹಾಕಿ ಕೈತೊಳೆದುಕೊಳ್ಳುವುದು ಬಡತನ. ಅದು ತಪ್ಪು ಕೂಡ. ಏಮ್ಸ್ ಕೋಣೆಯಲ್ಲಿ ಕಣ್ಣು ಸುಳ್ಳು ಹೇಳಲಿಲ್ಲ ಎಂಬುದನ್ನು ಮೇಲೆಯೇ ನೋಡಿದ್ದಾಯಿತು.

ಇಂಥ ಮ್ಯೂಸಿಯಮ್ಮುಗಳ ಕಾರಿಡಾರಿನಲ್ಲಿ, ಕೋಣೆಯಿಂದ ಕೋಣೆಗೆ ಹೋಗುವ ದಾರಿಯಲ್ಲಿ, ಯಾರೂ ನಿಲ್ಲದ ಜಾಗದಲ್ಲಿ ಹಳೆಯ ಗೆರೆ-ಚಿತ್ರಗಳನ್ನು ತೂಗುಹಾಕಿರುತ್ತಾರೆ. ಅವುಗಳಲ್ಲಿ ಒಂದು ಮ್ಯುಲರ್-ಲಯರ್ ಗೆರೆ, 1889ರದ್ದು. ಸಮ ಉದ್ದದ ಎರಡು ಗೆರೆಗಳು, ಒಂದರ ತುದಿಗೆ ಒಳಮುಖದ ಬಾಣ, ಇನ್ನೊಂದಕ್ಕೆ ಹೊರಮುಖದ ಕವಲು. ಕವಲಿನದು ಉದ್ದ ಕಾಣುತ್ತದೆ. ಸ್ಕೇಲು ಇಟ್ಟು ಅಳೆದು ಸಮವೆಂದು ಖಾತ್ರಿ ಮಾಡಿಕೊಂಡು ಸ್ಕೇಲು ತೆಗೆದರೆ, ಮತ್ತೆ ಅದೇ ಉದ್ದ. ಸ್ಫಟಿಕದ ಕೆಂಪಿನ ಜಾತಿಯದು. ಇದಕ್ಕೆ ಒಂದು ಕಥೆ ಇದೆ, ಅದರ ಒಂದು ಭಾಗ ಊಟಿಗೆ ಹೋಗುವ ಪ್ರತಿಯೊಂದು ಕುಟುಂಬಕ್ಕೂ ಗೊತ್ತಿರಬೇಕಾದದ್ದು. ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ಇಂಗ್ಲಿಷ್ ವೈದ್ಯ 1901-02ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಇದ್ದ. ಅವರ ಬಗ್ಗೆ ಬರೆದ ದೊಡ್ಡ ಪುಸ್ತಕದಿಂದ ಆತ ಹೆಸರಾದ, ಆದರೆ ಜೊತೆಗೆ ಈ ಗೆರೆಯನ್ನೂ ಅವರಿಗೆ ತೋರಿಸಿ ಅಳೆದಿದ್ದ. ತೋಡರು ಈ ಗೆರೆಗೆ ಇಂಗ್ಲಿಷರಿಗಿಂತ ಕಡಿಮೆ ಮೋಸ ಹೋದರು. ಅದೇ ತೋಡರು ಇನ್ನೊಂದು ಚಿತ್ರದಲ್ಲಿ, ಅಡ್ಡಗೆರೆಗಿಂತ ನಿಂತ ಗೆರೆ ಉದ್ದ ಕಾಣುವುದರಲ್ಲಿ, ಹೆಚ್ಚು ಮೋಸ ಹೋದರು. ‘ಕಾಡಿನವರ ಕಣ್ಣು ಚುರುಕು’ ಎಂಬಂಥ ಸಲೀಸು ಉತ್ತರಕ್ಕೆ ಇದು ಸಿಕ್ಕುವುದಿಲ್ಲ.

1966ರಲ್ಲಿ ಸೆಗಲ್, ಕ್ಯಾಂಬೆಲ್ ಮತ್ತು ಹರ್ಸ್‌ಕೊವಿಟ್ಸ್ ಎಂಬ ಮೂವರು ಬೇರೆ ಬೇರೆ ಸಮಾಜಗಳಲ್ಲಿ ಇದನ್ನು ಅಳೆದು ಒಂದು ಉತ್ತರ ಮುಂದಿಟ್ಟರು: ಬಡಗಿ ಕಟ್ಟಿದ ಲೋಕದಲ್ಲಿ, ಮೂಲೆ-ಅಂಚುಗಳ ನಡುವೆ ಬೆಳೆದವರಿಗೆ ಬಾಣ-ಕವಲುಗಳು ಕೋಣೆಯ ಮೂಲೆಗಳಂತೆ ಕಾಣುತ್ತವೆ, ಅದಕ್ಕೇ ಮೋಸ. ತೋಡರ ಹಳೆಯ ಮನೆಗಳ ಸೂರು ಅರ್ಧ ಪೀಪಾಯಿಯಂತೆ ಬಾಗಿರುವುದನ್ನು ಕಂಡವರಿಗೆ ಈ ವಿವರಣೆ ಹಿತವಾಗಿರುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎಂ.ಐ.ಟಿ.ಯ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಹುಟ್ಟುಕುರುಡಿನ ಮಕ್ಕಳಿಗೆ ಭಾರತದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ ದೃಷ್ಟಿ ಕೊಡಿಸುತ್ತದೆ, ಅವರು ನೋಡಲು ಕಲಿಯುವ ಬಗೆಯನ್ನು ಅಭ್ಯಾಸ ಮಾಡುತ್ತದೆ. ಹಾಗೆ ಪೊರೆ ತೆಗೆಸಿಕೊಂಡ 8ರಿಂದ 16 ವರ್ಷದ ಒಂಬತ್ತು ಮಕ್ಕಳಿಗೆ ಕಣ್ಣು ಬಂದ ಎರಡು ದಿನದೊಳಗೆ ಇದೇ ಗೆರೆಗಳನ್ನು ತೋರಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು: ಕೋಣೆಯ ಮೂಲೆಯನ್ನು ಎಂದೂ ಸರಿಯಾಗಿ ಕಂಡಿರದ ಆ ಮಕ್ಕಳೂ ಮೋಸ ಹೋದರು. ಹಾಗಾದರೆ ನೀಲಗಿರಿಯ ಅಳತೆಯನ್ನು ಏನು ಮಾಡುವುದು? ಎರಡೂ ಭಾರತದ ನೆಲದಲ್ಲಿ ನಡೆದ ಕೆಲಸ, ನೂರು ವರ್ಷಗಳ ಅಂತರ, ಒಂದನ್ನೊಂದು ಕೆಣಕುವ ಉತ್ತರ. ಒಂದು ಗೋಡೆ, ಎರಡು ಗೆರೆ, ಒಂದು ಜಾರುವ ಪಟ್ಟಿ ಇದ್ದರೆ ಸಾಕು, ಬಂದ ಪ್ರತಿಯೊಬ್ಬರೂ ತಾವು ಎಷ್ಟು ಮೋಸ ಹೋಗುತ್ತೇವೆ ಎಂದು ಮಿಲಿಮೀಟರಿನಲ್ಲಿ ಅಳೆದುಕೊಳ್ಳಬಹುದು. ಮಗನದು ಎಷ್ಟು, ಅಪ್ಪನದು ಎಷ್ಟು ಎಂದು ಹೋಲಿಸಬಹುದು. ಅದರ ಬದಲು ಆ ಚಿತ್ರ ಟಾಯ್ಲೆಟ್ಟಿನ ದಾರಿಯಲ್ಲಿ ಅಲಂಕಾರಕ್ಕೆ ಇರುತ್ತದೆ.

ಅಪ್ಪನನ್ನು ಸುಮ್ಮನೆ ಎಳೆದು ತಂದದ್ದಲ್ಲ. ಮನೆಗಳಲ್ಲಿ ಸರಿ-ತಪ್ಪು ಹೇಳುವ ಅಧಿಕಾರ ಹಂಚಿಹೋಗಿರುತ್ತದೆ. ಅಪ್ಪನಿಗೆ ಗೊತ್ತು, ಮಗಳು ಕಲಿಯಬೇಕು, ಅಜ್ಜಿಗೆ ಹಳೆಯದು ಮಾತ್ರ ಗೊತ್ತು. ಇಂಜಿನಿಯರ್ ಅಪ್ಪ, ಆರನೇ ಕ್ಲಾಸಿನ ಮಗಳು, ಶಾಲೆ ಕಾಣದ ಅಜ್ಜಿ ಮೂವರೂ ಒಟ್ಟಿಗೆ, ಒಂದೇ ಗೆರೆಯ ಮುಂದೆ, ಯಾರಿಗೂ ನಾಚಿಕೆಯಾಗದ ಹಾಗೆ ತಪ್ಪಾಗುವ ಅವಕಾಶ ಮನೆಯ ಬದುಕಿನಲ್ಲಿ ಎಷ್ಟು ಬಾರಿ ಬರುತ್ತದೆ? ಪರೀಕ್ಷೆಯಲ್ಲಿ ತಪ್ಪಾದರೆ ಅಂಕ ಹೋಗುತ್ತದೆ, ಹಣದಲ್ಲಿ ತಪ್ಪಾದರೆ ಹಣ ಹೋಗುತ್ತದೆ. ಇಲ್ಲಿ ಏನೂ ಹೋಗುವುದಿಲ್ಲ.

ಆದರೆ ಅಜ್ಜಿಯನ್ನು ಈ ಆಟದಿಂದ ಬಾಗಿಲಲ್ಲೇ ಹೊರಗಿಟ್ಟಾಗಿದೆ. ಫಲಕಗಳು ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ, ಅದೂ ಎರಡೇ ಸಾಲು. ಚೆನ್ನೈಯಲ್ಲಿ ತಮಿಳು, ಪುಣೆಯಲ್ಲಿ ಮರಾಠಿ, ದೆಹಲಿಯಲ್ಲಿ ಹಿಂದಿ ಇಲ್ಲವಾದಲ್ಲಿ ಕನ್ನಡವನ್ನು ಕೇಳುವುದು ಅತಿಯಾಸೆ, ಅದನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಮಗನ ಮನೆಗೆಂದು ಹುಬ್ಬಳ್ಳಿಯಿಂದ ಬಂದ ಅಜ್ಜಿಗೆ ಯಾವ ಭಾಷೆಯಲ್ಲಿ ಬರೆದರೂ ಮಗನೋ ಸೊಸೆಯೋ ಓದಿ ಹೇಳಬೇಕು. ಆದರೆ ಓದಿ ಹೇಳುವಂಥದ್ದು ಏನಾದರೂ ಅಲ್ಲಿರಬೇಕಲ್ಲ? ‘ಇಲ್ಲಿ ನಿಂತು ಪೋಸ್ ಕೊಡಿ’ ಎಂಬುದನ್ನು ಅನುವಾದಿಸಿ ಪ್ರಯೋಜನವಿಲ್ಲ. ಕೊನೆಗೆ ಅಜ್ಜಿಗೆ ಸಿಗುವ ಕೆಲಸ ಎಲ್ಲರ ಬ್ಯಾಗು, ನೀರಿನ ಬಾಟಲಿ, ಮೊಮ್ಮಗನ ಚಪ್ಪಲಿ ಹಿಡಿದು ಬೆಂಚಿನ ಮೇಲೆ ಕೂರುವುದು. ಆ ಕಟ್ಟಡದಲ್ಲಿ ಅತಿ ಹೆಚ್ಚು ವರ್ಷ ನೋಡಿದ ಕಣ್ಣು ಅವಳದು. ಹುಟ್ಟುವಾಗ ದೊಡ್ಡದಾಗಿ ಕಂಡ ಹುಣ್ಣಿಮೆ ಚಂದ್ರ ನಡುರಾತ್ರಿ ನೆತ್ತಿಗೆ ಬರುವಷ್ಟರಲ್ಲಿ ಸಣ್ಣದಾಗುವುದು ಅವಳಿಗೆ ಗೊತ್ತು. ಕೈ ಚಾಚಿ ಕಿರುಬೆರಳಿನ ಉಗುರು ಅಡ್ಡ ಹಿಡಿದು ಅಳೆದರೆ ಎರಡೂ ಹೊತ್ತು ಚಂದ್ರ ಅಷ್ಟೇ ಇರುತ್ತಾನೆ ಎಂದು ಯಾರಾದರೂ ತೋರಿಸಿದ್ದರೆ, ಅವಳೇ ಊರಿಗೆ ಹೋಗಿ ನಾಲ್ಕು ಮನೆಗೆ ತೋರಿಸುತ್ತಿದ್ದಳು.

ಇದಕ್ಕೆ ಸಿದ್ಧ ಉತ್ತರ ಒಂದಿದೆ. ರಜೆಯಲ್ಲಿ ಬಂದವರಿಗೆ ಪಾಠ ಬೇಡ, ನಗು ಬೇಕು. ಎಲ್ಲವನ್ನೂ ಶಾಲೆ ಮಾಡಬೇಡಿ. ಅರ್ಧ ಸರಿಯಾದ ಮಾತು. ಗಂಭೀರ ಮುಖದ ಮ್ಯೂಸಿಯಮ್ಮುಗಳಲ್ಲಿ ಮಕ್ಕಳನ್ನು ಕೈಕಟ್ಟಿಸಿ ನಡೆಸುವ ಹಿಂಸೆ ಯಾರಿಗೂ ಬೇಡ, ತಲೆಕೆಳಗಾದ ಅಡುಗೆಮನೆಯಲ್ಲಿ ಅಪ್ಪ ಸೂರಿಗೆ ಜೋತುಬಿದ್ದಂತೆ ಕಾಣುವ ಫೋಟೊ ನೋಡಿ ಮನೆಮಂದಿಯೆಲ್ಲ ವರ್ಷಗಟ್ಟಲೆ ನಗಬಹುದು, ಅದೂ ಸಣ್ಣ ಲಾಭವಲ್ಲ. ಆದರೆ ಈ ಉತ್ತರ ಕೊಡುವವರು ನಗುವನ್ನೂ ಬೆರಗನ್ನೂ ಎದುರುಬದುರು ನಿಲ್ಲಿಸುತ್ತಾರೆ. ತಿರುಗುವ ಕೊಳವೆಯಲ್ಲಿ ಕಣ್ಣು ಮುಚ್ಚಿ ತೆರೆದ ಮಗು ಕಿರುಚಿ ನಗುತ್ತದೆ, ಫೋಟೊಕ್ಕೆ ನಿಂತ ಮಗು ‘ಚೀಸ್’ ಎನ್ನುತ್ತದೆ. ಯಾವುದು ಪಾಠದಂತಿದೆ, ಯಾವುದು ಆಟದಂತಿದೆ? ನಿಲ್ಲು, ಇಲ್ಲಿ ಕಾಲಿಡು, ಕೈ ಮೇಲೆತ್ತು, ಇನ್ನೂ ಸ್ವಲ್ಪ ಎಡಕ್ಕೆ: ಶಾಲೆಯ ಡ್ರಿಲ್ಲಿಗೆ ಹತ್ತಿರವಿರುವುದು ಎರಡನೆಯದೇ.

ಹೀಗೆ ಆಗಲೇಬೇಕಿಲ್ಲ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಬೆಂಜೋನಿ ಎಂಬ ಇಟಲಿಯ ಶಿಲ್ಪಿ ಕಡೆದ ‘ಮುಸುಕಿನ ರೆಬೆಕ್ಕಾ’ ಇದೆ. ಇಡೀ ಮೂರ್ತಿ ಅಮೃತಶಿಲೆ, ಆದರೂ ಮುಖದ ಮೇಲೆ ತೆಳು ಬಟ್ಟೆ ಹೊದ್ದಿದ್ದಾಳೆ ಎಂದೇ ಕಾಣುತ್ತದೆ, ಬಟ್ಟೆಯೂ ಕಲ್ಲು ಎಂದು ಗೊತ್ತಿದ್ದೂ ಕಾಣುತ್ತದೆ. ಅದೇ ಮ್ಯೂಸಿಯಮ್ಮಿನಲ್ಲಿ ಮರದ ಜೋಡಿ ವಿಗ್ರಹವೊಂದಿದೆ: ಮುಂದೆ ಮೆಫಿಸ್ಟೊಫಿಲಿಸ್, ಅದೇ ಮರದ ಬೆನ್ನಲ್ಲಿ ಮಾರ್ಗರೆಟ್ಟಾ, ಹಿಂದೆ ಇಟ್ಟ ಕನ್ನಡಿಯಲ್ಲಿ ಅವಳು ಕಾಣುತ್ತಾಳೆ. ಮಕ್ಕಳು ಒಮ್ಮೆ ಮುಂದೆ, ಒಮ್ಮೆ ಕನ್ನಡಿಯಲ್ಲಿ ಇಣುಕುತ್ತಾರೆ. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಮೋಜಿನ ವಿಜ್ಞಾನದ ವಿಭಾಗದಲ್ಲೂ, ಊರೂರಿನ ವಿಜ್ಞಾನ ಕೇಂದ್ರಗಳಲ್ಲೂ ಇಂಥ ಎಷ್ಟೋ ಆಟಗಳು ಮೊದಲಿನಿಂದ ಇವೆ. ಬಣ್ಣ ಮಾಸಿರಬಹುದು, ಗುಂಡಿ ಒತ್ತಿದರೆ ಒಮ್ಮೊಮ್ಮೆ ದೀಪ ಹತ್ತದಿರಬಹುದು, ಆದರೆ ಅಲ್ಲಿ ಮಗು ತಾನೇ ಗುಂಡಿ ಒತ್ತುತ್ತದೆ, ತಾನೇ ನೋಡುತ್ತದೆ.

ಹಂಪಿಯದಂತೂ ಬೇರೆಯೇ ಲೆಕ್ಕ. ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಸಣ್ಣ ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಒಂದು ಕಿಂಡಿ, ಕತ್ತಲು, ಹೊರಗಿನ ಬೆಳಕು, ಇಷ್ಟೇ. ಇದರಲ್ಲಿ ಮಿದುಳಿನ ತಪ್ಪೇನೂ ಇಲ್ಲ, ಬೆಳಕು ನೆಟ್ಟಗೆ ಹೋಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕಿಂಡಿಯ ದಾರಿಗೆ ಬಿಳಿ ಕರವಸ್ತ್ರ ಅಡ್ಡ ಹಿಡಿದು ಹಿಂದೆ ಮುಂದೆ ಸರಿಸಿದರೆ ಗೋಪುರ ಸಣ್ಣದಾಗಿ ದೊಡ್ಡದಾಗುವುದನ್ನು ಕೈಯಲ್ಲೇ ನೋಡಬಹುದು. ಅಲ್ಲೂ ಗೈಡುಗಳು ಪವಾಡ ಎಂದು ಹೇಳಿ ಮುಗಿಸಿಬಿಡುವುದುಂಟು, ಅದೂ ಜಗಳಕ್ಕೆ ಯೋಗ್ಯವೇ. ಆದರೆ ಕೋಣೆ ಕತ್ತಲಾಗಿರುವುದರಿಂದ, ಗೋಪುರ ತಲೆಕೆಳಗಾಗಿ ಮಂಕಾಗಿ ಬೀಳುವುದರಿಂದ, ಬಂದವರು ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಲೇಬೇಕು. ಆ ಅರ್ಧ ನಿಮಿಷದ ಸುಮ್ಮನಿರುವಿಕೆಯನ್ನೇ ಇಲ್ಯೂಷನ್ ಮ್ಯೂಸಿಯಂ ತನ್ನ ನಕ್ಷೆಯಿಂದ ತೆಗೆದುಹಾಕಿರುವುದು.

ಇಷ್ಟು ಕೋಪ ಒಂದು ಮಧ್ಯಾಹ್ನದ ಮೋಜಿನ ಮೇಲೆ ಬೇಕೇ ಎನ್ನುವವರು ತಮ್ಮ ಮನೆಯ ವಾಟ್ಸಾಪ್ ಗುಂಪನ್ನು ಒಮ್ಮೆ ತೆರೆದು ನೋಡಲಿ. ಯಂತ್ರ ಬರೆದ ಚಿತ್ರ, ಹೊಲಿದು ಅಂಟಿಸಿದ ವಿಡಿಯೊ, ಎಲ್ಲೋ ನಡೆದದ್ದನ್ನು ಇನ್ನೆಲ್ಲೋ ನಡೆದದ್ದೆಂದು ಹೇಳುವ ಫೋಟೊ ದಿನವೂ ಬಂದು ಬೀಳುತ್ತವೆ, ಮಾವನಿಂದ, ಚಿಕ್ಕಪ್ಪನಿಂದ, ಶಾಲೆಯ ಗೆಳತಿಯಿಂದ. ‘ಕಣ್ಣಾರೆ ಕಂಡೆ’ ಎಂಬುದೇ ಎಲ್ಲರ ಪುರಾವೆ. ಕಂಡದ್ದಕ್ಕೆ ಇನ್ನೊಂದು ಅರ್ಥವೂ ಇರಬಹುದು, ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಕೇಳಬೇಕು ಎಂಬ ಅಭ್ಯಾಸ ಭಾಷಣದಿಂದ ಬರುವುದಿಲ್ಲ. ಏಮ್ಸ್ ಕೋಣೆಯ ಕಿಂಡಿಯಲ್ಲಿ ಕಣ್ಣಿಟ್ಟು, ಆಮೇಲೆ ಪಕ್ಕಕ್ಕೆ ಬಂದು ಅದೇ ಕೋಣೆಯ ಸೊಟ್ಟ ಗೋಡೆಯನ್ನು ಕಂಡ ಮಗುವಿಗೆ ಅದರ ಮೊದಲ ರುಚಿ ಸಿಗುತ್ತದೆ. ಈಗಿನ ಏರ್ಪಾಟು ಆ ಮಗುವಿಗೆ ಕಲಿಸುವುದು ತಿರುಗಾ ಕೆಲಸವನ್ನು: ಯಾವ ಗುರುತಿನ ಮೇಲೆ ನಿಂತರೆ ಬೇರೆಯವರನ್ನು ನಂಬಿಸುವ ಚಿತ್ರ ಬರುತ್ತದೆ ಎಂಬುದನ್ನು.

ಸರಿಪಡಿಸುವುದು ದುಬಾರಿಯಲ್ಲ. ಕೋಣೆಗಳನ್ನು ಒಡೆಯಬೇಕಿಲ್ಲ, ಫೋಟೊ ನಿಷೇಧಿಸಬೇಕಿಲ್ಲ. ಗೆರೆ-ಚಿತ್ರಗಳ ಕೆಳಗೆ ದಾರ ಕಟ್ಟಿದ ಒಂದೊಂದು ಸ್ಕೇಲು ಇಡಬಹುದು. ಕೊಳವೆಯ ಸೇತುವೆಯ ನಡುವೆ ಒಬ್ಬರು ನಿಲ್ಲುವಷ್ಟು ಅಗಲ ಮಾಡಿ, ‘ಕಣ್ಣು ಮುಚ್ಚಿ’ ಎಂದು ಆ ಊರಿನ ಭಾಷೆಯಲ್ಲಿ ದೊಡ್ಡದಾಗಿ ಬರೆಯಬಹುದು. ಸಿಬ್ಬಂದಿಯ ಆ ಒಳ್ಳೆಯ ಹುಡುಗನಿಗೆ ಫೋನು ಇಸಿದುಕೊಳ್ಳುವ ಮೊದಲು ಹೇಳಬೇಕಾದ ಒಂದು ವಾಕ್ಯ ಕಲಿಸಬಹುದು: “ಮೊದಲು ಬರಿಗಣ್ಣಲ್ಲಿ ನೋಡಿ ಅಮ್ಮ, ಆಮೇಲೆ ತೆಗೀತೀನಿ.” ಟಿಕೆಟ್ ಕೊಟ್ಟವರೂ ಇದನ್ನು ಕೇಳಬೇಕು, ಕೌಂಟರಿನಲ್ಲಿ ಅಭಿಪ್ರಾಯ ಬರೆಯಿರಿ ಎಂದಾಗ ನಾಲ್ಕು ನಕ್ಷತ್ರ ಒತ್ತಿ ಹೊರಡುವ ಬದಲು. ಇನ್ನು ಏಮ್ಸ್ ಕೋಣೆಗೆ ಬೇಕಾದದ್ದು ಎದುರಿಗೆ ಒಂದು ಪ್ಲೈವುಡ್ ಹಲಗೆ, ಅದರಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು. ತೂತು ಎಲ್ಲಿ ಬೇಕೆಂದರಲ್ಲಿ ಕೊರೆದರೆ ಆಗದು, ಕೋಣೆಯ ಲೆಕ್ಕವೆಲ್ಲ ಆ ಒಂದು ಬಿಂದುವಿಗೆ ಹೊಂದಿಸಿದ್ದು. ಆದ್ದರಿಂದ ಅದು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಇರಲಿ. ಮಕ್ಕಳಿಗೆ ಹತ್ತಿ ನಿಲ್ಲಲು ಕೆಳಗೊಂದು ಮಣೆ ಇಟ್ಟರೆ ಸಾಕು, ಬ್ಯಾಗು ಹಿಡಿದ ಅಜ್ಜಿಗೆ ಕೂತು ನೋಡಲು ಒಂದು ಎತ್ತರದ ಸ್ಟೂಲು.